ವಲಸೆ ಮಕ್ಕಳ ಶಾಲಾ ಹಕ್ಕು: ಪರೀಕ್ಷಾ ಟಿಪ್ಪಣಿ

ಹಿನ್ನೆಲೆ: ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಕಬ್ಬಿನ ಸೀಮೆ. ಜಿಲ್ಲೆಯ ಕಬ್ಬು ಕಟಾವಿಗೂ ಆಲೆಮನೆಗಳಿಗೂ ಹೊರಗಿನಿಂದ ಕುಟುಂಬಗಳು ಬರುತ್ತವೆ. ನಡುವರ್ಷದಲ್ಲೇ ಮಕ್ಕಳ ಓದು ತುಂಡಾಗುತ್ತದೆ.

1. ಸಂವಿಧಾನದ 21ಎ ವಿಧಿ (ಶಿಕ್ಷಣದ ಹಕ್ಕು): 86ನೇ ತಿದ್ದುಪಡಿ, 2002, ವಯಸ್ಸು 6–14.

2. ಶಿಕ್ಷಣ ಹಕ್ಕು ಕಾಯ್ದೆ 2009. ಜಾರಿ 1 ಏಪ್ರಿಲ್ 2010. ಇದರ ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿ:
• 4: ವಯಸ್ಸಿಗೆ ತಕ್ಕ ತರಗತಿ, ವಿಶೇಷ ತರಬೇತಿ
• 5: ವರ್ಗಾವಣೆ ಪತ್ರ ತಡವಾದರೂ ದಾಖಲಾತಿ ನಿರಾಕರಿಸುವಂತಿಲ್ಲ
• 9(ಕೆ): ವಲಸೆ ಕುಟುಂಬದ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಹೊಣೆ. ವಲಸೆ ಕಾರ್ಮಿಕರ ಗುಡಾರದ ಮಗುವಿಗೆ ನಿಜವಾದ ಆಸರೆ ಇದೇ
• 14: ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ

3. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ: ಸುಪ್ರೀಂ ಕೋರ್ಟ್, 26 ಸೆಪ್ಟೆಂಬರ್ 2018. ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಗೊಂದಲ ಬೇಡ:
• 9(ಕೆ) ಕಾಯ್ದೆಯ ಸೆಕ್ಷನ್. 51ಎ(ಕೆ) ಸಂವಿಧಾನದ ವಿಧಿ, ಪೋಷಕರ ಕರ್ತವ್ಯ.
• 19ನೇ ವಿಧಿ ‘ನಾಗರಿಕರಿಗೆ’. 21ಎ ‘ಎಲ್ಲ ಮಕ್ಕಳಿಗೆ’. ಈ ಒಂದು ಪದದ ವ್ಯತ್ಯಾಸ ಬಹಳ ದೊಡ್ಡದು: 21ಎ ಪೌರತ್ವ ಕೇಳುವುದಿಲ್ಲ.

4. ಹೋಲಿಕೆಗೆ ಅಮೆರಿಕ: ಪ್ಲೈಲರ್ ವಿರುದ್ಧ ಡೋ, 1982 (ಟೆಕ್ಸಾಸ್, 14ನೇ ತಿದ್ದುಪಡಿ, 5–4). ದಾಖಲೆರಹಿತ ಮಕ್ಕಳಿಗೂ ಸರ್ಕಾರಿ ಶಾಲೆ ತೆರೆದಿರಬೇಕು. ಶಾಲೆಗಳ ಬಳಿ ವಲಸೆ ಬಂಧನಕ್ಕಿದ್ದ ಮಿತಿಯನ್ನು ಜನವರಿ 2025ರಲ್ಲಿ ಹಿಂಪಡೆಯಲಾಯಿತು, ಆದರೆ ಪ್ಲೈಲರ್ ತೀರ್ಪು ರದ್ದಾಗಿಲ್ಲ.