ವಾಚು ಬಿಚ್ಚಿಟ್ಟ ಮಗಳು

ಪ್ರಶ್ನೆ: ನಾವು ಚಾಮರಾಜಪೇಟೆಯವರು. 15 ವರ್ಷದ ಮಗಳು ಬಸವನಗುಡಿಯ ಈಜುಕೊಳದಲ್ಲಿ ತರಬೇತಿ ಪಡೆಯುತ್ತಿದ್ದಾಳೆ. ಬೆಳಗ್ಗೆ 5.30ಕ್ಕೆ ನೀರಿಗಿಳಿಯಬೇಕು. ಹೋದ ವರ್ಷ ಸ್ಮಾರ್ಟ್‌ವಾಚ್ ಕೊಡಿಸಿದೆ. ನಿದ್ರೆ, ಹೃದಯಬಡಿತ, ‘ರಿಕವರಿ’ ಅಂಕ ಎಲ್ಲವೂ ನನ್ನ ಫೋನಿಗೂ ಬರುತ್ತವೆ. ಅಂಕ ಕಡಿಮೆಯಿದ್ದ ದಿನ ಕೋಚ್‌ಗೆ ಹೇಳಿ ಅಭ್ಯಾಸ ತಗ್ಗಿಸುತ್ತಿದ್ದೆ. ಈಚೆಗೆ ಗೊತ್ತಾಯಿತು, ಅವಳು ರಾತ್ರಿ ವಾಚನ್ನು ಬಿಚ್ಚಿ ನನ್ನ ತಾಯಿಯ ಕೈಗೆ ಕಟ್ಟಿ ಮಲಗುತ್ತಿದ್ದಳಂತೆ. ಅಮ್ಮನೇ ಬಾಯಿಬಿಟ್ಟರು. ಕೇಳಿದರೆ ಅಳು, ಮಾತಿಲ್ಲ. ಧಿನಿಧಿ ದೇಸಿಂಗು 14ಕ್ಕೇ ಒಲಿಂಪಿಕ್ಸ್‌ಗೆ ಹೋಗಿಬಂದಳು. ನಮ್ಮವಳು ಹಿಂದೆ ಬೀಳಬಾರದು ಅನ್ನುವುದಷ್ಟೇ ನನ್ನ ಆಸೆ. ವಾಚಿಗಿಂತ ಸ್ಮಾರ್ಟ್ ಉಂಗುರ ವಾಸಿ ಅನ್ನುತ್ತಾರೆ, ಕೊಡಿಸಲೇ?
– ಒಬ್ಬ ತಂದೆ

ಉತ್ತರ: ಮಾನ್ಯರೇ, ಅಷ್ಟು ದಿನ ನೀವು ನಿಮ್ಮ ತಾಯಿಯ ನಿದ್ರೆ ನೋಡಿ ಮಗಳ ತರಬೇತಿಯನ್ನು ಏರಿಸಿ ಇಳಿಸಿದ್ದೀರಿ. ಅಂಕ ನೋಡುತ್ತಿದ್ದ ನಿಮಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಆ ಅಂಕವನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ಲ್ಯಾಬೂ ಮಾಡಿಕೊಡುತ್ತಿರಲಿಲ್ಲ.

ವಾಚಿನ ತಳದ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ಹಿಡಿದು ಬಡಿತ ಎಣಿಸುತ್ತದೆ. ಸುಮ್ಮನೆ ಮಲಗಿದ್ದಾಗ ಈ ಎಣಿಕೆ ಬಹುಮಟ್ಟಿಗೆ ಸರಿಯೇ. ನೀರಿನಲ್ಲಿ ಕೈ ಬೀಸುವಾಗ ಪಟ್ಟಿಯಡಿ ನೀರು ನುಗ್ಗಿ, ವಾಚು ಅಲುಗಿ, ಲೆಕ್ಕ ಕೆಡುತ್ತದೆ. ಎಷ್ಟು ಲ್ಯಾಪ್ ಆಯಿತೆಂಬುದನ್ನೂ ಅದು ಕೈಯ ಚಲನೆಯಿಂದಲೇ ಊಹಿಸುವುದು. ಹಾಗಾಗಿ ಕಿಕ್‌ಬೋರ್ಡ್ ಹಿಡಿದು ಬರೀ ಕಾಲು ಬಡಿದ ಲ್ಯಾಪುಗಳು ಎಷ್ಟೋ ವಾಚುಗಳ ಲೆಕ್ಕಕ್ಕೇ ಬರುವುದಿಲ್ಲ. ಮಕ್ಕಳು ಸುಸ್ತಾಗುವುದು ಅದರಲ್ಲೇ. ನಿದ್ರೆಯ ಹಂತಗಳನ್ನು ಆಸ್ಪತ್ರೆಯಲ್ಲಿ ಮಿದುಳಿನ ಅಲೆಗಳನ್ನು ನೋಡಿ ಹೇಳುತ್ತಾರೆ, ವಾಚು ಬಡಿತ ಮತ್ತು ಹೊರಳಾಟ ನೋಡಿ ಅಂದಾಜು ಮಾಡುತ್ತದೆ. ‘ರಿಕವರಿ’ ಅಂಕವಂತೂ ಆಯಾ ಕಂಪನಿ ಕಟ್ಟಿಕೊಂಡ ಸೂತ್ರ. ಈಜುಕೊಳದ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಬೇರೆ ಅಪ್ಪಂದಿರ ಜತೆ ಈ ಅಂಕ ಹೋಲಿಸುತ್ತೀರೆಂದು ನನ್ನ ಗುಮಾನಿ. ಹೌದಾದರೆ ಅದನ್ನು ಇವತ್ತೇ ಬಿಡಿ. ಅದು ಏನನ್ನಾದರೂ ಹೇಳಿದರೆ, ಒಬ್ಬರ ಈ ವಾರವನ್ನು ಅವರದೇ ಹಿಂದಿನ ವಾರಗಳ ಜತೆ ಇಟ್ಟು ನೋಡಿದಾಗ ಮಾತ್ರ.

ಇನ್ನು ನೀವು ಬರೆಯದೇ ಬಿಟ್ಟ ವಿಷಯ. ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಬಿಸಿ ತುಸು ಏರುತ್ತದೆ, ಮಲಗಿದ್ದಾಗಿನ ಬಡಿತವೂ ನಿಮಿಷಕ್ಕೆ ಕೆಲವು ಹೆಚ್ಚುತ್ತದೆ. ಅದು ಸಹಜ. ಆದರೆ ವಾಚು ಅದನ್ನೇ ‘ಚೇತರಿಕೆ ಸಾಲದು’ ಎಂದು ತೋರಿಸಬಹುದು. ಅಂದರೆ ಕೋಚ್ ಹತ್ತಿರ ಹೋಗಿ, ಉಳಿದ ಹುಡುಗ ಹುಡುಗಿಯರಿಗೂ ಕೇಳಿಸುವಂತೆ, ‘ಇವತ್ತು ಇವಳದು ಕಡಿಮೆ ಇದೆ ಸಾರ್’ ಎಂದ ಕೆಲವು ದಿನ ನೀವು ಸಾರಿದ್ದು ಏನನ್ನು? ನಿಮಗೆ ಹೊಳೆದಿರಲಿಕ್ಕಿಲ್ಲ. ಅವಳಿಗೆ ಹೊಳೆದಿತ್ತು ಎಂದೇ ನನಗನ್ನಿಸುತ್ತದೆ. ಅವಳು ಸೋಮಾರಿತನ ಮುಚ್ಚಿಟ್ಟಿಲ್ಲ. 15ರ ಹುಡುಗಿ ತನ್ನ ಮೈಯ ಸುದ್ದಿಯನ್ನು ಅಪ್ಪನ ಫೋನಿನಿಂದ ತಪ್ಪಿಸಿಕೊಂಡಿದ್ದಾಳೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಅಜ್ಜಿಯ ಸಹಾಯ.

ಆದ್ದರಿಂದ ನಿಮ್ಮ ಫೋನಿನಿಂದ ಆ ಆ್ಯಪ್ ತೆಗೆದುಬಿಡಿ, ಅವಳ ಕಣ್ಣೆದುರಿಗೇ ತೆಗೆಯಿರಿ. ಪಾಸ್‌ವರ್ಡ್ ಅವಳೇ ಹೊಸದಾಗಿ ಇಟ್ಟುಕೊಳ್ಳಲಿ. ವಾಚು ಕಟ್ಟುವುದೋ ಬಿಡುವುದೋ, ಯಾವ ಅಂಕಿ ಕೋಚ್‌ಗೆ ತೋರಿಸುವುದೋ ಅವಳಿಗೆ ಬಿಟ್ಟದ್ದು. ಕೋಚ್ ಕುರುಡಾಗುತ್ತಾರೆಂಬ ಭಯ ಬೇಡ. ಸೆಕೆಂಡಿನ ನೂರನೇ ಒಂದು ಭಾಗ ಹಿಡಿಯುವ ಸ್ಟಾಪ್‌ವಾಚ್ ಅವರ ಕೈಯಲ್ಲೇ ಇದೆ. ಗೋಡೆ ಮುಟ್ಟಿದ ಕೂಡಲೇ ಕುತ್ತಿಗೆಗೆ ಬೆರಳಿಟ್ಟು 10 ಸೆಕೆಂಡು ಎಣಿಸಿ 6ರಿಂದ ಗುಣಿಸುವ ಪದ್ಧತಿ ಈಗಲೂ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಯಾರ ಮಣಿಕಟ್ಟಿನಲ್ಲೂ ‘ರಿಕವರಿ’ ಅಂಕ ಇರಲಿಲ್ಲ.

ಧಿನಿಧಿಯ ಮಾತು ಎತ್ತಿದ್ದೀರಿ. 2024ರಲ್ಲಿ ಪ್ಯಾರಿಸ್‌ಗೆ ಹೋದ ಭಾರತದ ಈಜುಗಾರರು ಇಬ್ಬರೇ, ಇಬ್ಬರೂ ನಮ್ಮೂರಿನವರು. ಇನ್ನೊಬ್ಬರಾದ ಶ್ರೀಹರಿ ನಟರಾಜ್‌ಗೆ ಆಗ 23, ಅದು ಅವರ ಎರಡನೇ ಒಲಿಂಪಿಕ್ಸ್. ನೀವು ಒಂದೇ ವಯಸ್ಸನ್ನು ನೆನಪಿಟ್ಟುಕೊಂಡಿದ್ದೀರಿ.

ನಿಮ್ಮ ಕೈಲಿ ನಿಜವಾಗಿ ಆಗುವ ಕೆಲಸ ಬೇರೆ ಇದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ರೆ ಬೇಕು. 4.45ಕ್ಕೆ ಏಳುವವಳು 8.45ರೊಳಗೆ ಮಲಗಿದರೆ ಕನಿಷ್ಠ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಗೋಡೆ ಗಡಿಯಾರ ಸಾಕು. ಸಂಜೆ ಟ್ಯೂಷನ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮನೆಯಲ್ಲಿ ಟೀವಿ ಎಷ್ಟು ಹೊತ್ತಿಗೆ ಆರುತ್ತದೆ ನೋಡಿ. ಬೆಳಗ್ಗೆ ಈಜಿ ಬಂದವಳು ಶಾಲೆಗೆ ಓಡುವ ಮುಂಚೆ ಹೊಟ್ಟೆ ತುಂಬ ತಿಂಡಿ ತಿನ್ನುತ್ತಾಳೋ ಗಮನಿಸಿ.

ಎರಡು ಸಂಗತಿಗಳಲ್ಲಿ ಮಾತ್ರ ತಡ ಮಾಡಬೇಡಿ. ಈಜುವಾಗ ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ವಾಚು ಏನೇ ಹೇಳಲಿ, ಅಭ್ಯಾಸ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಮುಟ್ಟು ಮೂರು ತಿಂಗಳು ನಿಂತರೂ ಅಷ್ಟೇ. ಪಡುವ ಶ್ರಮಕ್ಕೆ ತಿನ್ನುವುದು ಸಾಲದಿದ್ದರೆ ಹೀಗಾಗುವುದುಂಟು. ಇದನ್ನು ಅವಳಮ್ಮ ವಿಚಾರಿಸಲಿ. ಆಗಲೇ ಹಿಮೋಗ್ಲೋಬಿನ್ ಪರೀಕ್ಷೆಯೂ ಮುಗಿಯಲಿ.

ಉಂಗುರ ಬೇಡ. ಆ ದುಡ್ಡಿಗೆ ಏನು ಬೇಕೆಂದು ಅವಳನ್ನೇ ಕೇಳಿ. ಹೊಸ ಗಾಗಲ್ಸ್ ಅನ್ನಬಹುದು, ಭಾನುವಾರ ಏಳು ಗಂಟೆವರೆಗೆ ಮಲಗುತ್ತೇನೆ ಅಂದರೂ ಒಪ್ಪಿಕೊಳ್ಳಿ.