ಆರ್ಯಭಟದ ಪ್ರತಿರೂಪ

ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ, 1975ನೆಯ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಆಕಾಶಕ್ಕೇರಿದ ಆರ್ಯಭಟ ಉಪಗ್ರಹದ ಪ್ರತಿರೂಪವನ್ನು ನಮ್ಮ ಬಾಲಿಕೆಯರು ಗಣಕಯಂತ್ರದಲ್ಲಿ ರಚಿಸಿದರು. ಮೊದಲು ಅದಕ್ಕೆ ರೆಕ್ಕೆಯಂಥ ಸೌರಫಲಕಗಳನ್ನಿಟ್ಟಿದ್ದರು. ನಮ್ಮ ಹಾಸನದ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಉಪಗ್ರಹಗಳ ಚಿತ್ರಗಳನ್ನೇ ಕಂಡವರಿಗೆ ಇದು ಸಹಜವೇ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯನ್ನು ನೋಡಿರೆಂದೆವು. ಅಲ್ಲಿ ರೆಕ್ಕೆಯಿಲ್ಲ! ಆರ್ಯಭಟವು 26 ಮುಖಗಳುಳ್ಳ ಘನಾಕೃತಿ; ಮೇಲಣ, ಕೆಳಗಣ ಮುಖಗಳನ್ನುಳಿದು ಮಿಕ್ಕವೆಲ್ಲಕ್ಕೂ ಸೌರಕೋಶಗಳನ್ನು ಹೊದಿಸಲಾಗಿತ್ತು. ಅದು ಬುಗುರಿಯಂತೆ ತಿರುಗುತ್ತಿದ್ದುದರಿಂದ ಪಾರ್ಶ್ವಗಳಿಗೆ ಸರದಿಯಂತೆ ಬಿಸಿಲು ತಾಗುತ್ತಿತ್ತು. ರೆಕ್ಕೆಯಿದ್ದರೇ ಅಂದವೆಂದು ಒಬ್ಬಳು ವಾದಿಸಿದಳು, ನಾವು ಒಪ್ಪಲಿಲ್ಲ. ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತುಹೋದ ಸಂಗತಿಯನ್ನೂ ಮರೆಮಾಡದೆ ಪ್ರತಿರೂಪದ ಕೆಳಗೆ ಬರೆಯಿಸಿದೆವು.