ಸೂರ್ಯನಿಗಿಂತ ಮೊದಲು ಬಂದ ಬೆಳಕು

ಪ್ರೀತಿಯ ಮಗಳೇ,

ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವುದನ್ನು ಬಿಡುತ್ತೀಯೆಂದು ನಿನ್ನ ಅಮ್ಮ ಹೇಳಿದಳು. ಬೇಸರವಾಯಿತು, ಸ್ವಲ್ಪ ಸಿಟ್ಟೂ ಬಂತು. ಆದಿಕಾಂಡದ ಸೃಷ್ಟಿಕಥೆಯಲ್ಲಿ ಮೊದಲ ದಿನ ಬೆಳಕು, ನಾಲ್ಕನೆಯ ದಿನ ಸೂರ್ಯ, ಇದನ್ನು ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದೆಯಂತೆ. ನಿನ್ನಂತೆ ಕೇಳುವವರು ಪ್ರತಿ ಸಭೆಯಲ್ಲೂ ಇದ್ದಾರೆ. ಹಾಗಾಗಿ ಈ ಪತ್ರವನ್ನು ಎಲ್ಲರೂ ಓದಲೆಂದೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದು ಬಂದು, ರಾತ್ರಿ ಚಿಮಿಣಿ ದೀಪದ ಮುಂದೆ ನಮ್ಮನ್ನೆಲ್ಲ ಪ್ರಾರ್ಥನೆಗೆ ಕೂರಿಸುತ್ತಿದ್ದರು. ಸತ್ಯವೇದ ಓದುವ ಕೆಲಸ ನನ್ನದು. ಕಾಲೇಜಿನಲ್ಲಿ ಭೌತಶಾಸ್ತ್ರ ಹಿಡಿದ ಮೇಲೆ ಆದಿಕಾಂಡ ಬಂದರೆ ನನಗೆ ಸ್ವರ ಏಳುತ್ತಿರಲಿಲ್ಲ. ಸಭೆಯ ಹಿರಿಯರೊಬ್ಬರನ್ನು ಕೇಳಿದ್ದಕ್ಕೆ, ಸಂಶಯ ಸೈತಾನನ ಕೆಲಸ ಎಂದು ಎಲ್ಲರೆದುರು ಗದರಿದರು. ಇನ್ನು ಚರ್ಚಿನ ಮೆಟ್ಟಿಲು ಹತ್ತುವುದೇ ಬೇಡ ಅನ್ನಿಸಿತ್ತು. ಆಗಿನ ಸಭಾಪಾಲಕರು ನನ್ನನ್ನು ಮನೆಗೆ ಕರೆದು ಕೂರಿಸಿ, ಸೂರ್ಯನಿಲ್ಲದೆ ಸಂಜೆ, ಮುಂಜಾನೆ ಹೇಗಾದೀತೆಂದು 3ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಕೇಳಿದ್ದನೆಂದರು. ಬಿಷಪ್ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲಿ ಆದಿಕಾಂಡದ ಮೇಲೆ 12 ಭಾಗಗಳ ವ್ಯಾಖ್ಯಾನ ಬರೆದು, ಆ ಮೊದಲ ಬೆಳಕು ಕಣ್ಣಿಗೆ ಕಾಣುವ ಬೆಳಕೇ ಎಂದು ಹುಡುಕಾಡಿದ್ದನ್ನು ತಿಳಿಸಿದರು. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತಾಡಿ ನಗೆಪಾಟಲಾಗಬಾರದೆಂದು ಎಚ್ಚರಿಸಿದವನೂ ಅವನೇ. ನಿನ್ನ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ, ಮಗಳೇ.

ಆದಿಕಾಂಡದ ಆ ಮೊದಲ ಅಧ್ಯಾಯ ಯಾರಿಗಾಗಿ ಬಂತು ಎಂದು ಯೋಚಿಸಿದ್ದೀಯಾ? ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬೆಲಿಗೆ ಸೆರೆಹೋದ ಯೆಹೂದ್ಯರ ನಡುವೆ ಅದು ಈಗಿನ ರೂಪ ಪಡೆಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಗೆದ್ದವರಿಗೆ ಸೂರ್ಯನೇ ಶಮಾಶ್ ದೇವರು, ಚಂದ್ರನೇ ಸಿನ್ ದೇವರು. ಸೋತವರಾದರೋ ಆ ಎರಡನ್ನೂ ಹೆಸರೆತ್ತದೆ ದೀಪಗಳೆಂದು ಕರೆದು, ನಾಲ್ಕನೆಯ ದಿನದ ಕೆಲಸಕ್ಕೆ ಹಚ್ಚಿಬಿಟ್ಟರು. ಬೆಳಕಿನ ಒಡೆಯ ಸೂರ್ಯನಲ್ಲ. ಬೆಳಕೂ ದೇವರಲ್ಲ, ಅದು ದೇವರ ಮಾತಿನಿಂದ ಉಂಟಾದದ್ದು.

ನಿನ್ನ ಅಜ್ಜಿ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಅಧ್ಯಾಯ. ಅಲ್ಲಿ ದೇವರು ಕತ್ತಲನ್ನು ಇಲ್ಲವಾಗಿಸುವುದಿಲ್ಲ. ಬೇರ್ಪಡಿಸಿ, ರಾತ್ರಿಯೆಂದು ಹೆಸರಿಟ್ಟು, ಅದಕ್ಕೊಂದು ಎಲ್ಲೆ ಹಾಕುತ್ತಾನೆ. ಒಳ್ಳೆಯದೆಂದು ಕಂಡದ್ದು ಮಾತ್ರ ಬೆಳಕನ್ನು. ಅದನ್ನು ಬೇಡಿಕೊಳ್ಳಲು, ಅದಕ್ಕೆ ಯೋಗ್ಯರಾಗಲು ಆಗಿನ್ನೂ ಯಾರೂ ಹುಟ್ಟಿರಲಿಲ್ಲ. ಕೃಪೆ ಎಂದರೆ ಅದೇ. ಕತ್ತಲೆಯಲ್ಲಿ ಬೆಳಕನ್ನು ಕರೆದ ದೇವರೇ ಕ್ರಿಸ್ತನ ಮೂಲಕ ನಮ್ಮ ಹೃದಯವನ್ನು ಬೆಳಗಿಸಿದನೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಆಗ ನನಗೆ ಅರ್ಥವಾಯಿತು. ಯೋಹಾನನೂ ತನ್ನ ಸುವಾರ್ತೆಯನ್ನು ಆದಿಯಿಂದಲೇ, ಬೆಳಕಿನಿಂದಲೇ ತೆರೆಯುತ್ತಾನೆ.

ಇನ್ನೊಂದು ಕಡೆಗೂ ಜಾರಬೇಡ. ವಿಶ್ವದ ಆದಿಕಾಲದಿಂದ ಉಳಿದ ವಿಕಿರಣ 1965ರಲ್ಲಿ ಪತ್ತೆಯಾದದ್ದನ್ನು ಹಿಡಿದು, ಸತ್ಯವೇದ ರುಜುವಾಯಿತೆಂದು ಕುಣಿಯುವವರಿದ್ದಾರೆ. ಆದರೆ ಮಹಾಸ್ಫೋಟದ ಕಲ್ಪನೆಗೆ 1931ರಲ್ಲಿ ರೂಪ ಕೊಟ್ಟ ಜಾರ್ಜ್ ಲೆಮೈತ್ರ್ ಸ್ವತಃ ಕಥೋಲಿಕ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಆ ವಿಜ್ಞಾನವನ್ನು ಸೃಷ್ಟಿಯ ಬೆಳಕಿಗೆ ಸಾಕ್ಷಿಯಾಗಿ ಎತ್ತಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ವಿಜ್ಞಾನವನ್ನೂ ವಿಶ್ವಾಸವನ್ನೂ ಪ್ರೀತಿಸಿದವರು ಅವರು, ಒಂದನ್ನು ಇನ್ನೊಂದಕ್ಕೆ ಊರುಗೋಲು ಮಾಡಲಿಲ್ಲ.

ತರಗತಿ ಬಿಡುವುದು, ಬಿಡದಿರುವುದು ನಿನಗೇ ಸೇರಿದ್ದು. ಆದರೆ 31 ವಚನಗಳ ಒಂದು ಅಧ್ಯಾಯವನ್ನು ನೆಟ್ಟಗೆ ಕೂತು ಓದದೆ ತಳ್ಳಿಹಾಕುವುದು ಯಾವ ವಿಜ್ಞಾನ? ನಿನ್ನ ಲ್ಯಾಬಿನಲ್ಲಿ ಹೀಗೆ ಮಾಡುತ್ತೀಯಾ? ಅಲ್ಲಿ ಸಹಿಸದ ಸೋಮಾರಿತನವನ್ನು ಇಲ್ಲಿ ಪ್ರಾಮಾಣಿಕತೆ ಎಂದು ಕರೆಯಬೇಡ.

ಗಡುಸಾಗಿ ಬರೆದೆ. ನಿನ್ನ ಮೇಲಿನ ಅಕ್ಕರೆಯಿಂದಲೇ ಬರೆದೆ. ಸಂಶಯವಿರುವವಳು ಪಾಠ ಹೇಳಬಾರದೆಂದು ಯಾರೂ ವಿಧಿಸಿಲ್ಲ. ನಿನ್ನ ತರಗತಿಯಲ್ಲಿ ನಾಳೆ ಇದೇ ಪ್ರಶ್ನೆ ಕೇಳುವ ಮಗುವೊಂದು ಇದ್ದೇ ಇರುತ್ತದೆ. ಅದನ್ನು ಗದರುವವರ ಕೈಗೆ ಒಪ್ಪಿಸಿ ಬರಬೇಡ. ಭಾನುವಾರ ಹೋಗು, ಪಾಠ ಹೇಳು.

ಇತಿ,
ನಿನ್ನ ದೊಡ್ಡಪ್ಪ